ಚಹಾ ಕುಡಿಯದ ಹಿರಿಯರು

ಬೆಳಿಗ್ಗೆ ಆರೂವರೆಗೆ ಏಳಬೇಕು. ಎದ್ದ ಕೂಡಲೇ ಮೊಣಕಾಲೂರಿ ಪ್ರಾರ್ಥನೆ. ಕಾಲು ಗಂಟೆ ವ್ಯಾಯಾಮ, ಆಮೇಲೆ ಸ್ನಾನ, ತಿಂಡಿ. ಎಂಟರಿಂದ ಒಂಬತ್ತರವರೆಗೆ ಗ್ರಂಥ ಓದುವುದು, ಒಂಬತ್ತರಿಂದ ಹತ್ತರವರೆಗೆ ಭಾಷೆಯ ಅಭ್ಯಾಸ. ಹತ್ತಕ್ಕೆ ಸೈಕಲ್ಲು ಹೊರಗೆ. ಹನ್ನೆರಡೂವರೆಗೆ ಊಟ. ಸೋಮವಾರ ಬಟ್ಟೆ ಒಗೆಯುವುದು, ಮನೆಗೆ ಕಾಗದ ಬರೆಯುವುದು, ಹೈದರಾಬಾದಿನಲ್ಲಿದ್ದ ನಮ್ಮ ಮುಖ್ಯಸ್ಥರಿಗೆ ವಾರದ ವರದಿ ಕಳಿಸುವುದು. ಎರಡು ವರ್ಷ ಮನೆಗೆ ಹೋಗುವಂತಿಲ್ಲ. ಸಿನಿಮಾ ಇಲ್ಲ, ಬೀಡಿ ಇಲ್ಲ, ಚಹಾ ಇಲ್ಲ, ಕಾಫಿ ಇಲ್ಲ. ಎಲ್ಲಕ್ಕಿಂತ ದೊಡ್ಡದು ಜೋಡಿಯ ನಿಯಮ. ಇಬ್ಬರು ಯಾವಾಗಲೂ ಜೊತೆಗಿರಬೇಕು, ಒಬ್ಬನ ಕಣ್ಣಳತೆಯಿಂದ ಇನ್ನೊಬ್ಬ ದಾಟಬಾರದು. ಬಚ್ಚಲಮನೆ ಒಂದೇ ಅದಕ್ಕೆ ಹೊರತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಶಹಾಬಾದಿನ ಎರಡು ಕೋಣೆಯ ಫರಸಿಕಲ್ಲಿನ ಮನೆಯೊಂದರಲ್ಲಿ ನಾನು ಈ ಪಟ್ಟಿಯ ಪ್ರಕಾರ ಬದುಕಿದೆ. ನಾವು ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದ ಪ್ರಚಾರಕರು. ಪಂಥದ ಹೆಸರು ಇಲ್ಲಿ ಬೇಡ. ಈ ಬರಹದಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲವೆಂದು ನಿಶ್ಚಯಿಸಿಯೇ ಕುಳಿತಿದ್ದೇನೆ. ಆ ಪಂಥದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಎರಡು ವರ್ಷ ಎಲ್ಲ ಬಿಟ್ಟು, ಕಳಿಸಿದ ಊರಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟುತ್ತಾರೆ. ನನ್ನ ಜೊತೆಗಾರ ಅಮೆರಿಕದ ಒಂದು ಎತ್ತರದ ಒಣ ನಾಡಿನಿಂದ ಬಂದವನು. ಮನೆಯಲ್ಲಿ ಕುರಿ ಸಾಕುತ್ತಿದ್ದರಂತೆ. ಹತ್ತೊಂಬತ್ತು ತುಂಬಿತ್ತು. ನನಗೆ ಇಪ್ಪತ್ತೊಂದು.

ನಾನು ದೂರದವನಲ್ಲ. ಹುಟ್ಟಿದ್ದು ಸೇಡಂ ತಾಲೂಕಿನ ಆಡಕಿಯಲ್ಲಿ, ಬೆಳೆದದ್ದು ವಾಡಿಯಲ್ಲಿ. ಅಪ್ಪ ಅಲ್ಲಿ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ಏಳನೆಯ ವಯಸ್ಸಿಗೆ ನನ್ನನ್ನು ಒಂದು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಮಾತು ನಿಲ್ಲಿಸಲು ಗಂಟೆ. ಹತ್ತು ವರ್ಷ ಆ ಗಂಟೆಗೆ ಒಗ್ಗಿದ್ದವನಿಗೆ ಪ್ರಚಾರಕರ ಪಟ್ಟಿ ಹೊಸದೆನಿಸಲಿಲ್ಲ. ಹೈದರಾಬಾದಿನಲ್ಲಿ ಟೈಪಿಸ್ಟನಾಗಿದ್ದಾಗ ಈ ಜನರ ಪರಿಚಯವಾಯಿತು. ಅವರ ಬಿಳಿ ಅಂಗಿ, ಕರಿ ಟೈ, ಹೇಳಿದ ಹೊತ್ತಿಗೆ ಸರಿಯಾಗಿ ಬರುವ ರೀತಿ ಹಿಡಿಸಿತು. ದೇವರ ವಿಚಾರ ಆಮೇಲೆ ಹಿಡಿಸಿತು.

ಶಹಾಬಾದಿನಲ್ಲಿ ಗೋಡೆಗೆ ಫರಸಿ, ಮಾಡಿಗೆ ಫರಸಿ, ಕಾಂಪೌಂಡಿಗೆ ನೆಟ್ಟಿದ್ದೂ ಫರಸಿ. ಬೇಸಿಗೆಯಲ್ಲಿ ಆ ಕಲ್ಲು ಕಾದರೆ ಸಂಜೆ ಏಳಾದರೂ ಬಿಸಿ ಬಿಡುತ್ತಿರಲಿಲ್ಲ. ಕಾರ್ಖಾನೆಯ ಸಿಮೆಂಟಿನ ಹುಡಿ ಎಲೆಯ ಮೇಲೆ, ನೀರಿನ ಕೊಡದ ಮೇಲೆ, ನಮ್ಮ ಕಾಲರಿನ ಒಳಗೆ. ಗಡಸು ನೀರಿಗೆ ಬಿಳಿ ಅಂಗಿ ಮೂರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಎಷ್ಟು ನೀಲಿ ಹಾಕಿದರೂ ಬಿಳುಪು ಬರಲಿಲ್ಲ.

ಚಹಾದ ವಿಷಯದಲ್ಲಿ ಊರು ನಮ್ಮನ್ನು ಚೆನ್ನಾಗಿ ಆಡಿಕೊಂಡಿತು. ಸೈಕಲ್ ಅಂಗಡಿಯ ಮುದುಕನಿಗೆ ನಮ್ಮನ್ನು ಕಂಡರೆ ಹಬ್ಬ.

"ಚಾ ಕುಡಿಯಂಗಿಲ್ಲ, ಬೀಡಿ ಸೇದಂಗಿಲ್ಲ, ಎರಡು ವರ್ಷ ಹೆಣ್ಣಿನ ಕಡಿ ನೋಡಂಗಿಲ್ಲ," ಎಂದು ಗಿರಾಕಿಗಳಿಗೆ ಬೆರಳು ಮಡಚಿ ಹೇಳುತ್ತಿದ್ದ. "ಇದರಕಿಂತ ಜೈಲಿಗಿ ಹೋಗ್ರಿ ತಮ್ಮಾ. ಅಲ್ಲಿ ಚಾ ಆದ್ರ ಕೊಡ್ತಾರ."

ನನ್ನ ಜೊತೆಗಾರನಿಗೆ ಅರ್ಥವಾಗದಿದ್ದರೂ ಎಲ್ಲರ ಜೊತೆ ನಗುತ್ತಿದ್ದ. ಅವನು ಯಾವ ಮಾತನ್ನೂ ಅವಮಾನವೆಂದು ತಿಳಿಯುತ್ತಿರಲಿಲ್ಲ.

ಎಂಟು ತಿಂಗಳು ಬಾಗಿಲು ತಟ್ಟಿದೆವು. ಕುರ್ಚಿ ಕೊಟ್ಟವರು ಇದ್ದರು, ಪುಸ್ತಕ ತೆಗೆದುಕೊಂಡವರು ಇದ್ದರು. ಬಿಳಿಯನನ್ನು ಮುಟ್ಟಿ ನೋಡಿದವರೂ ಇದ್ದರು. ಶಹಾಬಾದಿನಲ್ಲಿ ಎರಡನೆಯ ಸಲ ಬರ್ರಿ ಎಂದವರು ಒಬ್ಬರೇ.

ಅವರು ಫರಸಿ ಹಾಸುವ ಕೆಲಸದವರು. ನಲವತ್ತೈದರ ಆಸುಪಾಸು, ಗಿಡ್ಡ ಆಳು, ಬೆರಳ ತುದಿಯೆಲ್ಲ ಕಲ್ಲಿಗೆ ಸವೆದು ನುಣುಪಾಗಿತ್ತು. ಸಂತೆಯಲ್ಲಿ ನನ್ನ ಜೊತೆಗಾರ ಹರಕು ಕನ್ನಡದಲ್ಲಿ ಬದನೆಕಾಯಿ ಕೇಳುವುದನ್ನು ಕಂಡು ನಕ್ಕು, ಮನೆಗೆ ಕರೆದಿದ್ದರು. ಮನೆ ಕಲ್ಲು ತೆಗೆಯುವ ಖಣಿಯ ದಾರಿಯಲ್ಲಿ, ಊರಿನ ಕೊನೆಯ ಓಣಿಯಲ್ಲಿ. ಆ ಓಣಿಗೆ ಊರಿನ ಬೇರೆ ಜನ ಕೆಲಸವಿಲ್ಲದೆ ಹೋಗುತ್ತಿರಲಿಲ್ಲ. ನಾವು ಹೋದಾಗ ಅವರ ಹೆಂಡತಿ ಒಲೆಯ ಮುಂದಿದ್ದರು.

"ಬರ್ರಿ, ಕುಂದ್ರಿ," ಎಂದು ಮನೆಯ ಯಜಮಾನರು ಚಾಪೆ ಕೊಡವಿದರು. "ಚಾ ಕುಡೀತೀರಲ್ಲ?"

"ಚಾ ಕುಡಿಯಂಗಿಲ್ರಿ ಕಾಕಾ. ನಮ್ಮ ನಿಯಮ ಅದ," ಎಂದೆ.

ಒಲೆಯ ಮುಂದಿನ ಕೈ ನಿಂತಿತು. ಆ ಓಣಿಯಲ್ಲಿ ಚಹಾ ಬೇಡ ಅಂದರೆ ಏನರ್ಥವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜನ ಕಾಲದಿಂದ ಅದಕ್ಕೆ ಒಂದೇ ಅರ್ಥ. ನನ್ನ ಜೊತೆಗಾರನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ನಮ್ಮ ಮನ್ಯಾಗ ಕುಡಿಯಂಗಿಲ್ಲೋ, ಎಲ್ಲಾ ಕಡಿ ಕುಡಿಯಂಗಿಲ್ಲೋ?" ಎಂದು ಕೇಳಿದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೇ.

"ಎಲ್ಲಾ ಕಡಿರಿ."

"ತಹಸೀಲ್ದಾರ್ ಮನ್ಯಾಗ ಕೊಟ್ರ?"

"ಅಲ್ಲೀನೂ ಇಲ್ರಿ."

"ಮತ್ತ ನೀರು?"

"ನೀರು ಕುಡೀತೀವ್ರಿ."

ಹೆಂಡತಿ ಚೊಂಬಿನಲ್ಲಿ ನೀರು ತಂದರು. ನಾವಿಬ್ಬರೂ ತುಟಿ ಹಚ್ಚಿ ಕುಡಿದೆವು. ನನ್ನ ಗಂಟಲು ಇಳಿದು ಏರುವುದನ್ನು ಅವರು ನೋಡುತ್ತ ಕುಳಿತರು. ಆಮೇಲೆ ತೊಡೆ ತಟ್ಟಿ ನಕ್ಕರು. "ಹಂಗಾದ್ರ ಬರೋಬರ್ ಅದ. ಹೇಳ್ರಿ ನಿಮ್ಮ ಪಾಠ."

ನಾವು ಒಬ್ಬರನ್ನೊಬ್ಬರು 'ಎಲ್ಡರ್' ಎಂದು ಕರೆದುಕೊಳ್ಳಬೇಕಿತ್ತು. ಅದು ನಮ್ಮ ಪದವಿ. ಹಾಗಂದರೆ ಏನೆಂದು ಕೇಳಿದರು. ಹಿರಿಯರು ಎಂದೆ.

"ಮೀಸಿ ಬಂದಿಲ್ಲ, ಹಿರ್ಯಾರಂತ," ಎಂದರು ಹೆಂಡತಿ ಒಲೆಯ ಕಡೆಯಿಂದ.

ಆ ದಿನವೇ ಇನ್ನೊಂದು ಪ್ರಶ್ನೆ ಬಂತು. "ನಿಮ್ಮ ಊರು ಯಾವುದ್ರಿ ಸರ್ರ?"

"ಆಡಕಿರಿ. ಸೇಡಂ ತಾಲೂಕ್."

"ಆಡಕಿಯಾಗ ಯಾವ ಓಣಿ?"

"ಸಣ್ಣಾಂವ ಇದ್ದಾಗೇ ಬಿಟ್ಟು ಬಂದೀವ್ರಿ ಕಾಕಾ. ನೆನಪಿಲ್ಲ."

ನೆನಪಿತ್ತು. ಊರು ಮುಗಿದ ಮೇಲೆ ಒಂದು ಹೊಲ ದಾಟಿದರೆ ನಮ್ಮ ಓಣಿ. ಊರಿನ ಬಾವಿಯ ಹತ್ತಿರ ಅವ್ವ ಕೊಡ ಇಟ್ಟುಕೊಂಡು, ಯಾರಾದರೂ ನೀರು ಸೇದಿ ಹಾಕುವವರೆಗೆ ಕಾಯುತ್ತಿದ್ದಳು. ನಾನು ಅವಳ ಸೀರೆ ಹಿಡಿದು ನಿಲ್ಲುತ್ತಿದ್ದೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹೊತ್ತಿಗೆ ಸರಿಯಾಗಿ ಬಂದು, ಅಚ್ಚುಕಟ್ಟಾಗಿ ಮಾತಾಡಿದರೆ ಓಣಿ ಕೇಳುವವರು ಕಡಿಮೆ ಎಂಬುದನ್ನು ಹಾಸ್ಟೆಲಿನಲ್ಲಿ ಕಲಿತಿದ್ದೆ. ಪಕ್ಕದಲ್ಲಿ ಒಬ್ಬ ಬಿಳಿಯ ಇದ್ದರೆ ಯಾರೂ ಕೇಳುವುದೇ ಇಲ್ಲ ಎಂಬುದನ್ನು ಶಹಾಬಾದಿನಲ್ಲಿ ಕಲಿತೆ. ಕೇಳಿದವರು ಅವರೊಬ್ಬರೇ. ಅವರಿಗೇ ಸುಳ್ಳು ಹೇಳಿದೆ.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಸಂಜೆ ಐದಕ್ಕೆ ಅವರ ಮನೆ. ಅವರು ಒಂದು ಸಲವೂ ತಪ್ಪಿಸಲಿಲ್ಲ. ದೇವರ ಬಗ್ಗೆ ಅವರ ಪ್ರಶ್ನೆಗಳು ಕಡಿಮೆ. ಕೂಡುವುದರ ಬಗ್ಗೆ ಹೆಚ್ಚು.

"ಪ್ರಾರ್ಥನಾಕ್ಕ ಬಂದವರು ಎಲ್ಲಿ ಕುಂದರ್ತಾರ?"

"ಎಲ್ಲಿ ಬೇಕಾದ್ರ ಅಲ್ಲಿರಿ."

"ರೊಟ್ಟಿ ಮುರದು ಕೊಡ್ತೀರಿ ಅಂದ್ರಿ. ಒಂದೇ ತಾಟಿನಾಗಿಂದೋ?"

"ಒಂದೇ ತಾಟು."

ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಅವರ ಕಡೆ ನೋಡಲಿಲ್ಲ, ಆದರೆ ಕೇಳಿಸಿಕೊಂಡಿದ್ದರು. ಅವರಿಗೆ ಬೇಕಾದದ್ದು ಇಷ್ಟೇ: ಓಣಿ ಯಾವುದೆಂದು ಕೇಳದ ಒಂದು ಜಾಗದಲ್ಲಿ ಗಂಡ ಹೆಂಡತಿ ಹೋಗಿ ಕೂಡುವುದು. ನಾವು ಅದನ್ನು ಕೊಡುತ್ತೇವೆಂದು ಹೇಳಿದೆವು. ನಾನೇ ಹೇಳಿದೆ, ಕನ್ನಡದಲ್ಲಿ, ನನ್ನ ಬಾಯಿಂದಲೇ.

ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ದೀಕ್ಷಾಸ್ನಾನಕ್ಕೆ ಒಪ್ಪಿದರು. ನಮ್ಮಲ್ಲಿ ಅದಕ್ಕೆ ತಲೆಯಿಂದ ಕಾಲಿನವರೆಗೆ ಬಿಳಿ ಉಡಬೇಕು, ಹರಿಯುವ ನೀರಿನಲ್ಲಿ ಪೂರ್ತಿ ಮುಳುಗಬೇಕು. ಕಾಗಿಣಾ ಹೊಳೆಯಲ್ಲಿ ಎದೆಮಟ್ಟದ ನೀರಿರುವ ಜಾಗ ನೋಡಿಟ್ಟೆವು. ಬಿಳಿ ಬಟ್ಟೆಯ ಮಾತು ಬಂದಾಗ ಹೆಂಡತಿ ಎದ್ದು ನಿಂತರು.

"ಗಂಡ ಇರೋಕಿ ಬಿಳಿ ಉಡ್ತಾಳೇನ್ರಿ? ಇವರ ಎದುರಿಗೇ?"

ಎರಡು ವಾರ ಅದೇ ಚರ್ಚೆ. ಹೈದರಾಬಾದಿಗೆ ಕಾಗದ ಬರೆದು ಕೇಳಿದೆ. ಬಿಳಿಯೇ ಆಗಬೇಕು ಎಂದು ಉತ್ತರ ಬಂತು. ಕೊನೆಗೆ ಗಂಡ ಹೇಳಿದರು, "ಒಂದು ಗಳಿಗಿ ನೀರಾಗ ಉಡೂದದ. ನಾ ಏನು ಅಷ್ಟರಾಗ ಸಾಯಂಗಿಲ್ಲ." ಹೆಂಡತಿ ಸಂತೆಯಿಂದ ಬಿಳಿ ಬಟ್ಟೆ ತಂದರು. ಬಳೆ ತೆಗೆಯುವುದಿಲ್ಲ, ಕುಂಕುಮ ಅಳಿಸುವುದಿಲ್ಲ, ನೀರು ಅಳಿಸಿದರೆ ಅದು ನೀರಿನ ಪಾಪ ಎಂದರು. ಸೀರೆಯ ಒಳ ಅಂಚಿಗೆ, ಹೊರಗೆ ಕಾಣದ ಹಾಗೆ, ಕೆಂಪು ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕಿಕೊಂಡರು. ಭಾನುವಾರ ಬೆಳಿಗ್ಗೆ ಏಳಕ್ಕೆ ಎಂದು ನಿಶ್ಚಯವಾಯಿತು. ನಮ್ಮ ಎಂಟು ತಿಂಗಳ ಕೆಲಸದಲ್ಲಿ ಅದೇ ಮೊದಲನೆಯದು.

ಆ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ನಾವು ಚಿತ್ತಾಪುರಕ್ಕೆ ಹೋದೆವು. ಗುರುವಾರ ನಮ್ಮ ಪಟ್ಟಿಯಲ್ಲಿ ಚಿತ್ತಾಪುರದ ದಿನ. ಬೆಳಗಿನ ಪ್ಯಾಸೆಂಜರಿನಲ್ಲಿ ವಾಡಿ, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರ. ಅಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರು ನಮ್ಮನ್ನು ಬರಮಾಡಿಕೊಳ್ಳುತ್ತಿದ್ದರು. ನಮ್ಮ ದೇವರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಬಿಳಿಯನ ಜೊತೆ ಇಂಗ್ಲಿಷ್ ಮಾತಾಡುವ ಆಸೆ ಇತ್ತು. ಆದರೆ ಅವರ ಮನೆಗೆ ಬೇರೆ ಬಾಗಿಲಿನ ಒಂದು ದೊಡ್ಡ ಪಡಸಾಲೆ ಇತ್ತು. ಭಾನುವಾರದ ಪ್ರಾರ್ಥನೆಗೆ ಅದನ್ನು ಬಿಟ್ಟುಕೊಡುವ ಮಾತಾಡಿದ್ದರು. ಆ ಪಡಸಾಲೆಗಾಗಿ ನಾನು ನಾಲ್ಕು ತಿಂಗಳು ಅವರ ಮಾತು ಕೇಳಿದ್ದೆ.

ಆ ದಿನ ಅಂಗಳದಲ್ಲಿ ಹೊಸ ಫರಸಿ ಹಾಸುತ್ತಿದ್ದರು. ಮೂರು ಜನ ಕೆಲಸದವರು ಬಾಗಿಲಿಗೆ ಬೆನ್ನು ಮಾಡಿ ಕುಳಿತು ಕಲ್ಲಿಗೆ ಮಟ್ಟ ಕೊಡುತ್ತಿದ್ದರು. ನಾನು ಸರಿಯಾಗಿ ನೋಡದೆ ಒಳಗೆ ಹೋದೆ.

ಹೆಡ್ಮಾಸ್ತರರು ಕುರ್ಚಿ ಕೊಟ್ಟರು. ನನ್ನ ಕುರ್ಚಿ ಅಂಗಳದ ಬಾಗಿಲಿಗೆ ಎದುರಾಗಿತ್ತು. ನಾವು ಚಹಾ ಕುಡಿಯುವುದಿಲ್ಲವೆಂದು ಅವರಿಗೆ ಗೊತ್ತು. ಅದಕ್ಕಾಗಿ ಸೊಸೆ ಪ್ರತಿ ವಾರ ಧನಿಯಾ ಜೀರಿಗೆಯ ಕಷಾಯ ಮಾಡಿ, ಬೆಲ್ಲ ಹಾಲು ಹಾಕಿ, ಸ್ಟೀಲ್ ಗ್ಲಾಸಿನಲ್ಲಿ ಕೊಡುತ್ತಿದ್ದರು. ಬಣ್ಣ ಥೇಟ್ ಚಹಾದ್ದೇ.

ನಮಗೆ ಕೊಟ್ಟ ಮೇಲೆ ಆಕೆ ಕೆಟಲು ಹಿಡಿದು ಅಂಗಳಕ್ಕೆ ಹೋದರು. ಕೆಲಸದವರು ಎದ್ದರು. ಕಾಂಪೌಂಡ್ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ಮೂರು ಗಾಜಿನ ಗ್ಲಾಸುಗಳನ್ನು ತೆಗೆದುಕೊಂಡು, ತಮ್ಮ ನೀರಿನಲ್ಲಿ ತೊಳೆದು, ಕೆಳಗೆ ಹಿಡಿದರು. ಆಕೆ ಮೇಲಿಂದ ಚಹಾ ಸುರಿದರು. ಮೂವರೂ ಕುಡಿದರು. ಮತ್ತೆ ತೊಳೆದರು. ಗೂಡಿಗೆ ಬೋರಲು ಹಾಕಲು ತಿರುಗಿದವರಲ್ಲಿ ಒಬ್ಬರು ನಮ್ಮ ಕಾಕಾ.

ಅವರು ನನ್ನನ್ನು ಕಂಡರು. ನನ್ನ ಕೈಯಲ್ಲಿ ಸ್ಟೀಲ್ ಗ್ಲಾಸು ಇತ್ತು. ಅವರ ಮುಖದಲ್ಲಿ ಪರಿಚಯದ ನಗೆ ಮೂಡಿತು, ಕೈ ಸ್ವಲ್ಪ ಮೇಲಕ್ಕೆ ಎದ್ದಿತು.

ನಾನು ತೊಡೆಯ ಮೇಲಿನ ಪುಸ್ತಕ ನೋಡಿದೆ.

ಅಷ್ಟರಲ್ಲಿ ನನ್ನ ಜೊತೆಗಾರನೂ ಅವರನ್ನು ನೋಡಿದ. "ನೋಡು, ನಮ್ಮ ಸಹೋದರ," ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದ. ಗ್ಲಾಸು ಕೈಯಲ್ಲೇ ಇತ್ತು. ಅವನು ಹೊರಗೆ ಹೋಗಿ ಅವರನ್ನು ತಬ್ಬಿಕೊಳ್ಳುವವನೇ. ಒಳಗೆ ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂಡಿಸಲಿಕ್ಕೂ ಹಿಂದೆ ಮುಂದೆ ನೋಡುವವನಲ್ಲ. ನಾನು ಅವನ ತೋಳು ಹಿಡಿದೆ.

"ಈಗ ಬೇಡ. ಅವರು ಕೆಲಸದಲ್ಲಿದ್ದಾರೆ. ಪಾಠ ಮುಗಿಯಲಿ."

ನಾನು ಅನುಭವಸ್ಥ, ಈ ನಾಡಿನವನು. ಅವನು ಕುಳಿತ.

"ಪರಿಚಯ ಏನು?" ಎಂದು ಹೆಡ್ಮಾಸ್ತರರು ಕೇಳಿದರು.

"ಶಹಾಬಾದಿನ್ಯಾಗ ನೋಡೀವ್ರಿ," ಎಂದೆ.

ಆಗ ನನ್ನ ತಲೆಯಲ್ಲಿ ಪಡಸಾಲೆ ಇತ್ತು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಪಡಸಾಲೆ ನಿಜವಾದ ಕಾರಣವಲ್ಲ. ನಾನು ಎದ್ದು ಹೋಗಿ ಅವರ ಪಕ್ಕ ನಿಂತಿದ್ದರೆ ಹೆಡ್ಮಾಸ್ತರರು ನನ್ನನ್ನು ಹೊಸದಾಗಿ ನೋಡುತ್ತಿದ್ದರು. ಆಡಕಿಯಲ್ಲಿ ಯಾರ ಪೈಕಿ ಎಂದು ಕೇಳುತ್ತಿದ್ದರು. ಮುಂದಿನ ಗುರುವಾರ ಆ ಗೂಡಿನಲ್ಲಿ ನಾಲ್ಕನೆಯ ಗ್ಲಾಸು ಇರುತ್ತಿತ್ತು.

ಪಾಠ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಹೊರಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಲೋಡ್ ಕಲ್ಲು ತರಲು ಟ್ರ್ಯಾಕ್ಟರಿನ ಜೊತೆ ಹೋಗಿದ್ದಾರೆ ಎಂದರು ಸೊಸೆ.

ಶನಿವಾರ ಐದಕ್ಕೆ ಹೋದೆವು. ಭಾನುವಾರಕ್ಕೆ ಮೊದಲು ಕೊನೆಯ ಭೇಟಿ ಅದು. ಅವರು ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದರು. ಏಳಲಿಲ್ಲ. ಬರ್ರಿ ಅನ್ನಲಿಲ್ಲ. ನಮ್ಮನ್ನು ಕಂಡು ಹೆಂಡತಿ ಒಳಗೆ ಹೋದರು. ನನ್ನ ಜೊತೆಗಾರ ತನ್ನ ಕನ್ನಡದಲ್ಲಿ, "ನಮಸ್ಕಾರ ಕಾಕಾ, ನಾಳೆ ಭಾಳ ಖುಷಿ," ಎಂದ. ಅವರು ಅವನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಾಕಾ," ಎಂದೆ, "ಅವತ್ತು ಅಲ್ಲಿ ಕುಡಿದದ್ದು ಚಾ ಅಲ್ರಿ. ಧನಿಯಾ ಕಷಾಯ. ದೇವರಾಣಿ, ಚಾ ಅಲ್ಲ."

"ಇರಲಿ."

"ನೀವು ಬೇರೆ ತಿಳಕೊಂಡೀರೇನೋ ಅಂತ."

"ಗ್ಲಾಸಿನಾಗ ಏನಿತ್ತು ಅಂತ ನಾ ಯಾಕ ನೋಡ್ಲಿ," ಎಂದರು. ದನಿ ಏರಲಿಲ್ಲ. "ನಾ ತೊಳದು ಇಡೂದು ನೀವು ನೋಡಿದ್ರಿ. ನೋಡಿ ಕಣ್ಣು ಕೆಳಗ ಮಾಡಿದ್ರಿ. ಈ ಹುಡುಗ ಏಳಾಕತ್ತಿದ್ದ, ನೀವು ಕೈ ಹಿಡದು ಕುಂದ್ರಿಸಿದ್ರಿ. ಅದನ್ನ ನಾ ನೋಡೀನಿ."

"ಪಾಠ ನಡದಿತ್ರಿ."

"ನಡೀಲಿ. ಪಾಠ ನಿಮ್ಮದು ಛಲೋ ಅದ."

ಆಮೇಲೆ ಹೇಳಿದರು, "ನಾಳಿ ನಾವು ಬರಂಗಿಲ್ರಿ. ನನ್ನ ಹೇಣ್ತಿ ಬಿಳಿ ಸೀರಿ ಉಡಾಕ ತಯಾರಾಗಿದ್ದಳು. ಅಷ್ಟು ಸಾಕು ನಮ್ಮಿಂದ."

"ಏನಂದರು?" ಎಂದು ನನ್ನ ಜೊತೆಗಾರ ಕೇಳಿದ.

ಎರಡು ಭಾಷೆಯ ನಡುವೆ ನಾನೊಬ್ಬನೇ ಸೇತುವೆ. "ಸ್ವಲ್ಪ ಅಂಜಿಕೆಯಂತೆ," ಎಂದೆ. "ಆದರೂ ಬರಬಹುದು."

ಅವನು ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಹಾಡುತ್ತ ಬಂದ.

ಭಾನುವಾರ ನಾವು ಹೊಳೆ ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷವಿತ್ತು. ಮಾಗಿಯ ಚಳಿ. ನೀರಿನ ಮೇಲೆ ಹೊಗೆಯಂಥ ಮಂಜು. ನನ್ನ ಜೊತೆಗಾರ ಬಿಳಿ ಪ್ಯಾಂಟು ಬಿಳಿ ಅಂಗಿಯಲ್ಲಿ ನೀರಿಗಿಳಿದು, ಕಾಲಿನಿಂದ ತಳದ ಕಲ್ಲು ತಡವಿ, ಮುಳುಗಿಸಲು ಒಳ್ಳೆಯ ಜಾಗ ಹುಡುಕಿ ಅಲ್ಲೇ ನಿಂತ. ನಾನು ದಡದಲ್ಲಿ ಎರಡು ಟವೆಲು ಹಿಡಿದು ನಿಂತೆ. ಸ್ವಲ್ಪ ದೂರದಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ಮುದುಕರು ನಮ್ಮ ಬಟ್ಟೆ ನೋಡಿ ಬಂದರು.

"ಯಾರು ತೀರ್ಕೊಂಡಾರ್ರಿ?"

"ಯಾರೂ ಇಲ್ರಿ."

"ಮತ್ತ ಬಿಳಿ ಯಾಕ ಉಟ್ಟೀರಿ? ಆ ಬಿಳಿ ಹುಡುಗನ ತಂದಿ ಏನು?"

"ಪೂಜಾ ಅದರಿ ಒಂದು," ಎಂದೆ.

"ಲಗೂನ ಮುಗಸ್ರಿ. ಚಳಿ ಹಿಡಿದ್ರ ಖರೇನೇ ಯಾರರ ತೀರ್ತಾರ," ಎಂದು ಬಲೆಯ ಕಡೆ ಹೋದರು.

ಏಳೂವರೆ. ಎಂಟು. ನನ್ನ ಜೊತೆಗಾರ ಒಂದು ಸಲ ದಡಕ್ಕೆ ಬಂದು ಮತ್ತೆ ಇಳಿದ. ಅವರು ಬಂದಾಗ ತಾನು ನೀರಿನಲ್ಲಿ ಇದ್ದರೆ ಅವರಿಗೆ ಅಂಜಿಕೆ ಹೋಗುತ್ತದೆ ಎಂದ. ತುಟಿ ನೀಲಿಯಾಗಿತ್ತು. ಹಲ್ಲು ಕಡಿಯುತ್ತಿರುವುದು ದಡಕ್ಕೆ ಕೇಳುತ್ತಿತ್ತು. ದಾರಿಯಲ್ಲಿ ಒಂದು ಎತ್ತಿನ ಗಾಡಿ ಬಂದಾಗ ಅವನು ಕೈ ಎತ್ತಿದ. ಗಾಡಿ ನಿಲ್ಲದೆ ಹೋಯಿತು. ಒಂಬತ್ತಕ್ಕೆ ನಾನು ಹೇಳಿದೆ, ಹೊರಗೆ ಬಾ, ಅವರು ಬರುವುದಿಲ್ಲ, ನಿನ್ನೆಯೇ ಹೇಳಿದ್ದಾರೆ.

ಅವನು ನೀರಿನಲ್ಲಿ ನಿಂತೇ ಪೂರ್ತಿ ಕೇಳಿದ. ಗ್ಲಾಸು, ಗೂಡು, ಓಣಿ ಎಲ್ಲ ಹೇಳಬೇಕಾಯಿತು. ನನ್ನ ಓಣಿಯೊಂದನ್ನು ಬಿಟ್ಟು. ಆಮೇಲೆ ಹೊರಗೆ ಬಂದು ಟವೆಲು ತೆಗೆದುಕೊಂಡ. "ನೀನು ನನ್ನ ತೋಳು ಹಿಡಿದೆ," ಎಂದ. ಸೈಕಲ್ಲು ನನ್ನ ಮುಂದೆ ಹೊಡೆದುಕೊಂಡು ಹೋದ, ಕಣ್ಣಳತೆಯಲ್ಲೇ.

ಮಧ್ಯಾಹ್ನ ಮೂರಕ್ಕೆ ಓದುತ್ತಿದ್ದವನು ಪುಸ್ತಕ ಮುಚ್ಚಿ ಬೂಟು ಹಾಕಿಕೊಂಡ. ನಾನೂ ಎದ್ದೆ.

"ನೀನು ಬೇಡ," ಎಂದ.

"ಒಬ್ಬನೇ ಹೋಗುವಂತಿಲ್ಲ."

"ಗೊತ್ತು."

ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಎರಡು ಗಂಟೆಯ ಮೇಲೆ ಬಂದ. ಟೈ ಜೇಬಿನಲ್ಲಿತ್ತು. "ಎರಡು ಕಪ್ಪು ಕುಡಿದೆ," ಎಂದ. "ನಾನೇ ಕೇಳಿದೆ." ಕನ್ನಡದಲ್ಲಿ ಹೇಗೆ ಕೇಳಿದನೆಂದು ಹೇಳಿ ತೋರಿಸಿದ: "ಯವ್ವಾ, ನನಗೆ ಚಾ ಬೇಕು." ಆಕೆ ಮೊದಲು ಕೊಡಲಿಲ್ಲವಂತೆ. ನಿಮ್ಮ ನಿಯಮ ಎಂದರಂತೆ. ಅವನು ಒಲೆಯ ಮುಂದೆ ನೆಲದ ಮೇಲೆ ಕುಳಿತೇ ಇದ್ದನಂತೆ. ಕುಡಿದ ಮೇಲೆ ಕಾಕಾ ಓಣಿಯ ತುದಿಯವರೆಗೆ ಬಂದು ಬಿಟ್ಟುಹೋದರಂತೆ. ದೀಕ್ಷಾಸ್ನಾನದ ಮಾತು ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಸೋಮವಾರ. ಬಟ್ಟೆ ಒಗೆದೆವು. ಅವನು ಮನೆಗೆ ಕಾಗದ ಬರೆದ. ನಾನು ವರದಿಯ ಹಾಳೆ ತುಂಬಿದೆ. ಎಷ್ಟು ಮನೆ, ಎಷ್ಟು ಪಾಠ, ಎಷ್ಟು ತಾಸು. ದೀಕ್ಷಾಸ್ನಾನ: ಇಲ್ಲ. ಕೆಳಗೆ ಎರಡು ಸಾಲು ಖಾಲಿ ಇರುತ್ತಿತ್ತು, ಜೊತೆಗಾರರು ಬೇರೆಯಾದ ಸಂದರ್ಭ ಮತ್ತು ಮುರಿದ ನಿಯಮ ಬರೆಯಲು. ಎಂಟು ತಿಂಗಳು ಅದನ್ನು ಖಾಲಿ ಬಿಟ್ಟಿದ್ದೆ. ಆ ದಿನ ಬರೆದೆ. ಭಾನುವಾರ ಮೂರರಿಂದ ಐದರವರೆಗೆ ಒಬ್ಬನೇ ಹೋಗಿದ್ದು, ಚಹಾ ಕುಡಿದದ್ದು. ಬರೆದದ್ದೆಲ್ಲ ನಿಜ. ಗುರುವಾರ ಚಿತ್ತಾಪುರದಲ್ಲಿ ನಾನು ಮಾಡಿದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅದು ಯಾವ ನಿಯಮವನ್ನೂ ಮುರಿದಿರಲಿಲ್ಲ.

ನಿಯಮ ಅಂದರೆ ನಿಯಮ, ಬರೆಯದಿದ್ದರೆ ಸುಳ್ಳಾಗುತ್ತಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವ ಧೈರ್ಯವಿಲ್ಲ. ನಾನು ಇನ್ನು ಕಾಲಿಡಲಾರದ ಮನೆಯಲ್ಲಿ ಅವನು ಹೋಗಿ ಕುಳಿತು ಬಂದಿದ್ದ.

ಒಂಬತ್ತನೆಯ ದಿನ ತಂತಿ ಬಂತು. ಅವನಿಗೆ ಹೈದರಾಬಾದಿಗೆ ವರ್ಗ, ಹೊಸ ಜೊತೆಗಾರ ಬರುವವರೆಗೆ ನಾನು ಮನೆಯಲ್ಲೇ ಇರಬೇಕು. ಅವನಿಗೆ ಕಾರಣ ಕೇಳುವ ಅಗತ್ಯ ಬೀಳಲಿಲ್ಲ. ವರದಿಯ ಹಾಳೆಯನ್ನು ನಾನು ಮೇಜಿನ ಮೇಲೆ ಮುಚ್ಚಿಡದೇ ಬರೆದಿದ್ದೆ. ರೈಲ್ವೆ ಸ್ಟೇಷನ್ನಿನಲ್ಲಿ ಕೈ ಕುಲುಕಿದ. "ನೀನು ಬರೆದದ್ದರಲ್ಲಿ ತಪ್ಪಿಲ್ಲ," ಎಂದ. ಅವನು ವ್ಯಂಗ್ಯ ಬಲ್ಲವನಲ್ಲ. ಅದೇ ನನಗೆ ಕಷ್ಟವಾಯಿತು.

ಆಮೇಲಿನ ದಿನಗಳಲ್ಲಿ ಒಬ್ಬನೇ ಆರೂವರೆಗೆ ಎದ್ದೆ, ಮೊಣಕಾಲೂರಿದೆ, ಗ್ರಂಥ ಓದಿದೆ. ಭಾಷೆಯ ಅಭ್ಯಾಸದ ಹೊತ್ತಿನಲ್ಲಿ ನನ್ನಿಂದ ಕನ್ನಡ ಕಲಿಯುವವನು ಇರಲಿಲ್ಲ. ಆ ಒಂದು ಗಂಟೆ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ಐದನೆಯ ದಿನ ಬೆಳಿಗ್ಗೆ, ಅದೇ ಹೊತ್ತಿನಲ್ಲಿ, ಬಾಗಿಲು ಬಡಿದ ಸದ್ದಾಯಿತು. ಕಾಕಾ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಗಂಟು.

"ಹುಡುಗ ಎಲ್ಲಿ?" ಎಂದರು. "ನಮ್ಮಾಕಿ ರೊಟ್ಟಿ ಕಟ್ಟಿ ಕೊಟ್ಟಾಳ. ಆ ದಿನದಿಂದ ಬಂದೇ ಇಲ್ಲ ಅಂತ."

"ಹೈದರಾಬಾದಿಗಿ ಬದಲಿ ಆತ್ರಿ."

"ಇದ್ದಕ್ಕಿದ್ದಂಗ?" ಗಂಟನ್ನು ಇನ್ನೊಂದು ಕೈಗೆ ಬದಲಿಸಿದರು. "ಚಾ ಕುಡದಾನಂತ ಏನು?"

ನಾನು ಹೌದು ಎಂದೆ.

"ಅಲ್ಲಿ ತನಕ ಸುದ್ದಿ ಹ್ಯಾಂಗ ಹೋತ್ರಿ? ನಮ್ಮ ಮನ್ಯಾಗ ನಾವು ಮೂರೇ ಮಂದಿ ಇದ್ದಿವಿ."

"ನಾ ಬರದೀನ್ರಿ ಕಾಕಾ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ನಾನು ಏನಾದರೂ ಕೊಡಬೇಕಿತ್ತು, ಕೊಡಲು ನನ್ನಲ್ಲಿದ್ದದ್ದು ಒಂದೇ. "ಆಡಕಿಯಾಗ ನಮ್ಮದು ಹೊರಗಿನ ಓಣಿರಿ," ಎಂದೆ. "ನಿಮ್ಮದೇ ಮಂದಿ."

"ಗೊತ್ತದ," ಎಂದರು. "ಮೊದಲನೇ ದಿನ ನೀರು ಕೊಟ್ಟಾಗೇ ಗೊತ್ತಾತು. ಮೊದಲು ಚೊಂಬು ಮ್ಯಾಲೆತ್ತಿ ಹಿಡದ್ರಿ, ಆಮ್ಯಾಲೆ ತುಟಿಗಿ ತಂದ್ರಿ. ನಮ್ಮವರು ಮಂದಿ ಮನ್ಯಾಗ ಹಂಗೇ ಮಾಡ್ತಾರ. ನೀವೇ ಹೇಳ್ತೀರಿ ಅಂತ ನಾ ದಾರಿ ನೋಡಿದೆ."

ಒಳಗೆ ಬರ್ರಿ ಎಂದೆ. ಕೆಲಸ ಅದ ಎಂದರು. ಗಂಟನ್ನು ಹಿಂದಕ್ಕೆ ಒಯ್ಯುವುದೋ ಬಿಡುವುದೋ ಎಂದು ಕೈಯಲ್ಲಿ ಒಂದು ಸಲ ತೂಗಿದರು. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಇಟ್ಟರು.

"ಅವಗ ಅಂತ ಮಾಡಿದ್ದು. ತಿರುಗಿ ಒಯ್ದರ ಆಕಿ ಕೇಳ್ತಾಳ, ನಾ ಏನು ಹೇಳ್ಲಿ. ನೀವೇ ತಿನ್ರಿ."

ಖಣಿಯ ದಾರಿ ಹಿಡಿದು ಹೋದರು. ನಾನು ಗಂಟನ್ನು ಒಳಗೆ ತಂದು ಮೇಜಿನ ಮೇಲೆ ಇಟ್ಟೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಲೆಯಲ್ಲಿ ಸುತ್ತಿದ ಪುಂಡಿ ಪಲ್ಯ. ಇಬ್ಬರಿಗೆ ಸಾಕಾಗುವಷ್ಟಿತ್ತು. ಹತ್ತು ಗಂಟೆ ಆಗಿತ್ತು. ಊಟದ ಹೊತ್ತು ಹನ್ನೆರಡೂವರೆ. ಹನ್ನೆರಡೂವರೆ ಆಗುವವರೆಗೆ ಕಾದು, ಕೈ ತೊಳೆದುಕೊಂಡು ಬಂದು ತಿಂದೆ.